ನಾಲ್ಕು ಕೆಂಪು ಗಾಚುಹ

ಇವತ್ತು ಬೆಳಿಗ್ಗೆ ಕುರಿಕಾಲಿನ ಸಾರು ಕುದಿಯುತ್ತಿತ್ತು. ಕಾಳುಮೆಣಸಿನ ಘಾಟಿಗೆ ಸೀನುತ್ತಾ ಸೌಟು ಆಡಿಸಿದರೆ ಹೆಬ್ಬೆರಳ ತುದಿಯಷ್ಟು ದೊಡ್ಡ ಎಲುಬೊಂದು ಮೇಲೆ ಬಂತು. ಹಿಂಗಾಲಿನ ಗಂಟಿನೊಳಗೆ ಇರುವಂಥದ್ದು, ನಾಲ್ಕು ಮೈಯೂ ನಾಲ್ಕು ತರ. ಗ್ಯಾಸ್ ಆರಿಸಿ ಅದನ್ನೇ ನೋಡುತ್ತಾ ನಿಂತೆ. ಎದುರು ಫ್ಲ್ಯಾಟಿನ ಅಜ್ಜಿ ನೆನಪಾದರು...

ಹನ್ನೊಂದು ವರ್ಷವಾಯಿತು. ನಾವು ಆಗಷ್ಟೇ ಕತಾರಿನ ಅಲ್ ವಕ್ರಾದ ಈ ಮನೆಗೆ ಬಂದಿದ್ದೆವು. ಅಜ್ಜಿಯ ಮಗ ಯಾವುದೋ ಕಟ್ಟಡದ ಕಂಪನಿಯಲ್ಲಿ ಎಂಜಿನಿಯರ್. ಚೀನಾದವರಾ ಎಂದು ಕೇಳಿದರೆ, "ಹೌದು, ಆದರೆ ನಾವು ಮಂಚು ಜನ" ಎಂದು ಇಂಗ್ಲಿಷಿನಲ್ಲಿ ತಿದ್ದುತ್ತಿದ್ದ. ಅಜ್ಜಿಗೆ ಇಂಗ್ಲಿಷ್ ಬಾರದು, ನನಗೆ ಅವರ ಭಾಷೆ ಬಾರದು. ನಕ್ಕು ಬಾಗಿಲು ಹಾಕಿಕೊಳ್ಳುವುದಷ್ಟೇ ನಮ್ಮ ನೆರೆಕರೆ.

ಭಾಷೆಯ ಹಂಗಿಲ್ಲದೆ ಗೆಳೆತನ ಮಾಡಿದವಳು ಎರಡನೇ ಕ್ಲಾಸಿನ ನನ್ನ ಮಗಳು. ಶಾಲೆಯಿಂದ ಬಂದವಳೇ ಲಿಫ್ಟಿನ ಮುಂದಿನ ಟೈಲ್ಸಿನ ಮೇಲೆ ಅಜ್ಜಿಯೆದುರು ಚಕ್ಕಳಮಕ್ಕಳ ಹಾಕುತ್ತಿದ್ದಳು. ಅಜ್ಜಿ ಬಟ್ಟೆಯ ಚೀಲದಿಂದ ಕೆಂಪು ಬಣ್ಣದ ಇಂಥದ್ದೇ ನಾಲ್ಕು ಎಲುಬು ಚೆಲ್ಲುತ್ತಿದ್ದರು. ಗಾಚುಹ ಎನ್ನುತ್ತಾರಂತೆ. ಅವರ ಊರಿನ ಚಳಿಗೆ ಹೆಣ್ಣುಮಕ್ಕಳು ಒಳಗೆ ಬಿಸಿ ಇಟ್ಟಿಗೆಯ ಜಗಲಿ ಮೇಲೆ ಕೂತು ಆಡುವ ಆಟ. ಮರಳಿನ ಪುಟ್ಟ ಗಂಟನ್ನು ಮೇಲೆ ಹಾರಿಸಿ, ಅದು ಇಳಿಯುವುದರೊಳಗೆ ಅದೇ ಕೈಯಿಂದ ಎಲುಬುಗಳನ್ನು ಮಗುಚಿ, ಗಂಟನ್ನು ಹಿಡಿಯಬೇಕು. ನಾಲ್ಕಕ್ಕೂ ಒಂದೇ ಮೈ ಮೇಲಾದಾಗ ಬಾಚಿಕೊಂಡರೆ ಗೆದ್ದ ಹಾಗೆ. ಹೆಚ್ಚುಕಡಿಮೆ ನಮ್ಮ ಕಲ್ಲಾಟವೇ. ಎಪ್ಪತ್ತು ದಾಟಿದ ಆ ಕೈ... ಏನು ಚುರುಕು! ನಾನು ಒಂದು ದಿನವೂ ಜೊತೆಗೆ ಕೂರಲಿಲ್ಲ. ಎಲುಬು ಮುಟ್ಟಿದ ಕೈ ತೊಳೆದು ಒಳಗೆ ಬಾ ಎಂದು ಮಗಳನ್ನು ಗದರುವುದೇ ನನ್ನ ಕೆಲಸ. ಮೀನು, ಮಾಂಸ ಗಡದ್ದಾಗಿ ತಿನ್ನುವ ನನಗೆ ಅಷ್ಟೊಂದು ಮಡಿ!

ಕಣ್ಣಿನ ಆಪರೇಷನ್ನಿಗೆ ಹೋಗುವಾಗ ಅಜ್ಜಿ ಆ ಚೀಲವನ್ನು ಮಗಳ ಕೈಗೆ ಕೊಟ್ಟು ಹೋದರು. ಮರುದಿನ ಅಷ್ಟಮಿ. ಉಪವಾಸವಿದ್ದು ಮನೆ ಒರೆಸುತ್ತಾ ಬಂದರೆ ದೇವರ ಫೋಟೋದ ಕೆಳಗೇ ಎಲುಬಿನ ಚೀಲ! ಚಾಕಲೇಟು ಕೊಡುವ ಹಾಗೆ ಇದನ್ನೂ ಕೊಟ್ಟುಬಿಟ್ಟಿದ್ದಾರೆ ಎಂದುಕೊಂಡೆ. ಮಗಳು ಶಾಲೆಯಲ್ಲಿದ್ದಳು, ಕೇಳಲು ಕಾಯಲಿಲ್ಲ. ಕಸದ ಜೊತೆ ಕಟ್ಟಿ ಕೆಳಗಿನ ಡಬ್ಬಕ್ಕೆ ಹಾಕಿ ಬಂದೆ. ಹೊರಗೆ ಚಪ್ಪಲಿ ಸ್ಟ್ಯಾಂಡಿನ ಮೇಲಿಟ್ಟಿದ್ದರೂ ಸಾಕಿತ್ತು...

"ಅಮ್ಮಾ, ಅದು ಗಿಫ್ಟ್ ಅಲ್ಲ! ಸೇಫ್ ಆಗಿ ಇಡ್ಲಿಕ್ಕೆ ಕೊಟ್ಟದ್ದು, ಅಂಕಲ್ ಹೇಳಿದ್ರು!" ಎಂದು ಮಗಳು ಅತ್ತಳು. ಕೆಳಗೆ ಓಡಿದೆ. ಡಬ್ಬ ಖಾಲಿ. ವಾಚ್‌ಮನ್ ಕೈಯಾಡಿಸಿ, "ಗಾಡಿ ಹೋಯ್ತು. ಖಲಾಸ್" ಎಂದ.

ಎರಡು ದಿನದ ಮೇಲೆ ಅಜ್ಜಿ ಒಂದು ಕಣ್ಣಿಗೆ ಪಟ್ಟಿಯಿಟ್ಟುಕೊಂಡೇ ನಮ್ಮ ಬಾಗಿಲಿಗೆ ಬಂದು ನಗುತ್ತಾ ಅಂಗೈ ಚಾಚಿದರು. ಏನೆಂದು ಹೇಳಲಿ? ಹೇಗೆ ಹೇಳಲಿ? ಕೈ ಮುಗಿದು ಅತ್ತುಬಿಟ್ಟೆ. ಏನೂ ತಿಳಿಯದ ಅವರು ಅದೇ ಅಂಗೈಯಿಂದ ನನ್ನ ಕಣ್ಣೊರೆಸಿದರು. ಸಂಜೆ ಅವರ ಮಗನಿಗೆ ಎಲ್ಲ ಹೇಳಿದೆ. ಆತ ರೇಗಲಿಲ್ಲ. "ಒಂದು ಕುರಿಗೆ ಎರಡೇ ಸಿಗುತ್ತವೆ. ಎರಡು ಅಮ್ಮನ ಮದುವೆಯ ಊಟದ್ದು, ಎರಡು ನಾನು ಹುಟ್ಟಿದಾಗಿನದು" ಎಂದ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮಾರ್ಕೆಟ್ಟಿನಲ್ಲಿ ಮಾಂಸ ಕಡಿಯುವವರು ನಮ್ಮೂರ ಕಡೆಯ ಬ್ಯಾರಿ. "ಎಂತ ಅಕ್ಕ, ಸೂಪಿಗಾ?" ಎಂದರು. "ಅಲ್ಲ, ಆಡ್ಲಿಕ್ಕೆ" ಎಂದೆ. ನಗುತ್ತಾ ಎರಡು ಕುರಿಯ ಗಂಟು ಬಿಡಿಸಿ ಕೊಟ್ಟರು. ಬೇಯಿಸಿ, ಕೆರೆದು, ಬಾಲ್ಕನಿಯಲ್ಲಿ ಒಣಗಿಸಿ, ಕೆಂಪು ನೇಲ್ ಪಾಲಿಶ್ ಹಚ್ಚಿ ಕೊಂಡುಹೋದೆ. ಅಜ್ಜಿ ಒಂದೊಂದನ್ನೂ ಒಳ್ಳೆಯ ಕಣ್ಣಿನ ಹತ್ತಿರ ಹಿಡಿದರು, ಮೂಸಿದರು. ಮಗಳ ಜೊತೆ ಒಂದೇ ಒಂದು ಆಟ ಆಡಿದರು. ಆಮೇಲೆ ನಾಲ್ಕನ್ನೂ ನನ್ನ ಅಂಗೈಯಲ್ಲಿಟ್ಟು, ಬೆರಳು ಮಡಚಿಸಿ, ಕೈ ತಟ್ಟಿ ಒಳಗೆ ಹೋದರು. ಕ್ಷಮಿಸಿದರೋ, ಬೇಡವೆಂದರೋ... ನನಗೆ ಇಂದಿಗೂ ಗೊತ್ತಿಲ್ಲ.

ಮತ್ತೆ ಅವರು ಲಿಫ್ಟಿನ ಮುಂದೆ ಕೂರಲಿಲ್ಲ. ಆ ಚಳಿಗಾಲದಲ್ಲೇ ಮಗನ ಕೆಲಸ ಮುಗಿದು ಊರಿಗೆ ಹೊರಟರು. ಮರುವರ್ಷ ಆತನಿಂದ ಒಂದು ಸಾಲಿನ ಮೆಸೇಜ್ ಬಂತು, ಅಮ್ಮ ಹೋದರು ಎಂದು.

ಈಗ ಎದುರು ಬಾಗಿಲಲ್ಲಿ ಬೇರೆ ಯಾರದೋ ಚಪ್ಪಲಿಗಳಿವೆ. ಮಗಳು ಮಂಗಳೂರಿನಲ್ಲಿ ಕಾಲೇಜು ಓದುತ್ತಿದ್ದಾಳೆ. ಆಡುವವರು ಯಾರೂ ಇಲ್ಲ. ಆದರೂ ಕುರಿಯ ಕಾಲು ತಂದಾಗಲೆಲ್ಲ ಆ ಎಲುಬನ್ನು ಎಸೆಯಲು ನನಗೆ ಕೈ ಬರುವುದಿಲ್ಲ. ಇವತ್ತಿನದನ್ನೂ ತೊಳೆದು, ಒರೆಸಿ, ಡಬ್ಬಿಗೆ ಹಾಕಿ ಎಣಿಸಿದೆ. ನಾನು ಬಣ್ಣ ಹಚ್ಚಿದ ನಾಲ್ಕೂ ಸೇರಿ ಮೂವತ್ತೊಂದಾಗಿವೆ. ಅಜ್ಜಿಯ ನಾಲ್ಕು ಅದರಲ್ಲಿಲ್ಲ.