ಅಳಿಯನ ಗೇಮು, ಮಾವನ ಸಿನಿಮಾ

ಹೆಣ್ಣು ನೋಡಲು ಹೋದಲ್ಲಿ ಮಾತು ಮುರಿಯುವುದು ಹೊಸದೇನಲ್ಲ. ಜಾತಕಕ್ಕೆ ಮುರಿದದ್ದು ಕಂಡಿದ್ದೇನೆ. ಮದುವೆ ಯಾವ ಮಂಟಪದಲ್ಲಿ ಎಂಬ ಚರ್ಚೆಗೆ ಮುರಿದದ್ದೂ ಉಂಟು. ಆದರೆ ಮೊನ್ನೆ ಭಾನುವಾರ ಬ್ರಹ್ಮಾವರದ ಮನೆಯೊಂದರಲ್ಲಿ ಮಾತು ಮುರಿಯುವ ಹಂತಕ್ಕೆ ಬಂದದ್ದು ಒಂದು ಇಂಗ್ಲಿಷ್ ಸಿನಿಮಾದ ದೆಸೆಯಿಂದ!

ಹುಡುಗ ನನ್ನ ಅಕ್ಕನ ಮಗ ಪ್ರಶಾಂತ. ಬೈಂದೂರಿನಲ್ಲಿ ಹೋಟೆಲ್ ನೋಡಿಕೊಳ್ಳುತ್ತಾನೆ. ಹಗಲಿಡೀ ಗಲ್ಲಾ, ಬಿಡುವಾದರೆ ವಿಡಿಯೋ ಗೇಮ್. ಅದೂ ಒಂದೇ ಗೇಮಿನ ಭಾಗ ಒಂದು, ಎರಡು, ಮೂರು... ಹೈಸ್ಕೂಲಿನಲ್ಲಿ ಹಿಡಿದ ಚಾಳಿ. ಹುಡುಗಿ ರಕ್ಷಿತಾ. ಮನೆಯ ಹಿತ್ತಿಲಿನಲ್ಲೇ ಗಿಡಗಳ ನರ್ಸರಿ ಇಟ್ಟಿದ್ದಾಳೆ. ಮಾತು ಚುರುಕು.

ಮತ್ತು ನಾನು, ಸೋದರಮಾವ. ನಮ್ಮದು ಅಳಿಯಕಟ್ಟಿನ ಮನೆತನ, ಆಸ್ತಿ ಮಾವನಿಂದ ಅಕ್ಕನ ಮಗನಿಗೆ ಬರುವ ಪದ್ಧತಿ. ಆಸ್ತಿಯ ಲೆಕ್ಕಾಚಾರವೆಲ್ಲ ಕಾನೂನಿನ ಜೊತೆ ಬದಲಾಯಿತು, ಆದರೆ ಮದುವೆಯ ಮಾತು ಇವತ್ತಿಗೂ ಮಾವನ ಬಾಯಿಂದಲೇ ಬರಬೇಕು. ಹುಡುಗನ ಅಪ್ಪ ಪಕ್ಕದಲ್ಲಿ ಕೂತು ಗೋಳಿಬಜೆ ತಿಂದರೆ ಸಾಕು. (ನಮ್ಮ ಭಾವ ಈ ಕೆಲಸವನ್ನು ಬಹಳ ಶ್ರದ್ಧೆಯಿಂದ ಮಾಡುತ್ತಾರೆ.)

ಇದರಲ್ಲೊಂದು ಬರೆಯದ ರೂಲ್ ಇದೆ. ಹುಡುಗಿಯ ಮನೆಯಲ್ಲಿ ಹುಡುಗನ ಮಾವ ಹುಡುಗಿಯನ್ನು ಹೊಗಳಬಾರದು. ಚಾ ಕುಡಿಯಬೇಕು, ತೋಟದ ವಿಚಾರ ಮಾತಾಡಬೇಕು, 'ಫೋನ್ ಮಾಡ್ತೇವೆ' ಎಂದು ಎದ್ದು ಬರಬೇಕು. ಅಲ್ಲಿಯೇ ಹೊಗಳಿದನೋ, ಒಪ್ಪಿಗೆ ಕೊಟ್ಟಂತೆಯೇ.

ಹುಡುಗ ಹುಡುಗಿಯನ್ನು 'ಮಾತಾಡಿಕೊಳ್ಳಿ' ಎಂದು ಜಗಲಿಗೆ ಕಳಿಸಿದೆವು. ಸ್ವಲ್ಪ ಹೊತ್ತು ಪಿಸುಮಾತು. ಆಮೇಲೆ ದನಿ ಏರಿತು.

"ಅದ್ ಸಿನಿಮಾ ಅಲ್ಲ ಮಾರಾಯ್ರೇ, ಗೇಮಿಗೆ ಮಾಡಿದ ಅವಮಾನ!" ಇದು ನಮ್ಮ ಪ್ರಶಾಂತ. ಅವನ ಗೇಮಿನ ಕಥೆಯನ್ನೇ ಇಟ್ಟುಕೊಂಡು ಬಂದ ಸಿನಿಮಾದ ಮಾತು.

"ಎಂತಕ್ಕೆ ಅವಮಾನ?"

"ಗೇಮಲ್ಲಿ ಆ ಹೆಣ್ಣು ಹೀರೋ ಹೇಳ್ದಾಂಗೆ ಕೇಣ್ತ್. ಸಿನಿಮಾದಲ್ಲಿ ಅದ್ರದ್ದೇ ದರ್ಬಾರ್!"

"ಗೇಮಲ್ಲಿ ಅವ ಸತ್ರೆ ಮತ್ತೆ ಎದ್ಕಂಡ್ ಬತ್ತ. ಸಿನಿಮಾದಲ್ಲಿ ಸತ್ರೆ ಸತ್ತ, ಮುಗೀತ್. ಅದ್ಕೇ ನಂಗ್ ಹೆದ್ರಿಕಿ ಆಯ್ತ್. ನಿಮ್ಗ್ ಆಯ್ಲಿಲ್ಯಾ?"

ಅಕ್ಕ ನನ್ನ ಮುಖ ನೋಡಿದಳು. ಹೋಗಿ ಸುಧಾರಿಸು ಎಂದರ್ಥ. ಎದ್ದು ಹೋದೆ. ವಿಷಯ ಬದಲಿಸುವುದೇ ನನ್ನ ಉದ್ದೇಶವಾಗಿತ್ತು, ದೇವರಾಣೆಗೂ.

ಆದರೆ ಏನು ಮಾಡಲಿ, ಆ ಸಿನಿಮಾ ನಾನೂ ನೋಡಿದ್ದೆ! ಕಾಲು ಉಳುಕಿ ಮನೆಯಲ್ಲಿ ಬಿದ್ದಿದ್ದಾಗ ಹೆಂಡತಿಯ ಜೊತೆ ಕೂತು ನೋಡಿದ್ದು. (ಹೆಸರು ಹೇಳುವುದಿಲ್ಲ. ಹೇಳಿದರೆ ಆ ಗೇಮಿನ ಫ್ಯಾನ್ಸ್ ನನ್ನನ್ನು ಹುಡುಕಿಕೊಂಡು ಬಂದು ಬೈಯುತ್ತಾರೆ.) ಮುಳುಗಿದ ಒಂದು ನಗರ, ಅದನ್ನು ದಾಟಬೇಕಾದ ಒಬ್ಬ ಗಂಡಸು, ಅವನನ್ನು ಚೂರೂ ನಂಬದ ಒಬ್ಬ ಹೆಂಗಸು. ವಿಮರ್ಶಕರು ಮೂಗು ಮುರಿದರು. ಫ್ಯಾನ್ಸ್ ಉಗಿದರು. ಪಾಪ, ಥಿಯೇಟರಿನಿಂದ ಬಂದ ದಾರಿಗೆ ಸುಂಕವಿಲ್ಲದೆ ಹೋಯಿತಂತೆ.

ನನಗೆ ತುಂಬಾ ಇಷ್ಟವಾಯಿತು. ಗೇಮ್ ಆಡುವವರ ಸಿಟ್ಟು ಅರ್ಥವಾಗದ್ದೇನಲ್ಲ. ಇಷ್ಟು ವರ್ಷ ಇವರು ಬಲಕ್ಕೆ ಒತ್ತಿದರೆ ಬಲಕ್ಕೆ, ಎಡಕ್ಕೆ ಒತ್ತಿದರೆ ಎಡಕ್ಕೆ ಹೋಗುತ್ತಿದ್ದ ಹೀರೋ ಈಗ ಇವರನ್ನು ಕೇಳದೆ ನಡೆದುಬಿಟ್ಟರೆ? ಆದರೆ ಸಿನಿಮಾ ಎಂದರೆ ಅದೇ ಅಲ್ಲವೇ? ಸುಮ್ಮನೆ ಕೂತು ಇನ್ನೊಬ್ಬರ ಬದುಕನ್ನು ಅವರ ಪಾಡಿಗೆ ನಡೆಯಲು ಬಿಡುವುದು. ಅದರಲ್ಲೊಂದು ದೃಶ್ಯ. ಇಬ್ಬರೂ ಮನೆಯೊಂದರ ಮಾಡಿನ, ಅಂದರೆ ಛಾವಣಿಯ, ಮೇಲೆ ಕೂತು ಒಂದೇ ಡಬ್ಬದಿಂದ ಉಣ್ಣುತ್ತಾರೆ. ಗುಂಡಿಲ್ಲ, ಗಲಾಟೆಯಿಲ್ಲ. ಗೇಮಿನಲ್ಲಿ ಅದು ಬಟನ್ ಒತ್ತಿ ನೋಡದೆ ಮುಂದೆ ಹೋಗುವ ಜಾಗವಂತೆ. ಬೀನ್ಸ್ ಬಿಡಿಸುತ್ತಿದ್ದ ನನ್ನ ಹೆಂಡತಿ ಮಾತ್ರ ಕೈ ನಿಲ್ಲಿಸಿ ನೋಡಿದ್ದಳು.

ಇದೆಲ್ಲ ನೆನಪಾಗಿ ಬಾಯಿ ತಡೆಯಲಿಲ್ಲ. "ಹುಡ್ಗಿ ಹೇಳುದೇ ಸರಿ ಮಾರಾಯ! ಆ ಮಾಡಿನ ಮೇಲ್ ಕೂಕಂಡ್ ಉಂಬ ಸೀನ್ ಒಂದೇ ಸಾಕ್. ಒಳ್ಳೆ ತಿಳಿವಳಿಕೆ ಇತ್ತ್ ಈ ಹುಡ್ಗಿಗೆ!"

ನನ್ನ ಮಾತು ಒಳಗಿನವರ ಕಿವಿಗೂ ಬಿತ್ತು. ಆಮೇಲೆ ಹುಡುಗಿಯ ಅಮ್ಮಮ್ಮನ ದನಿ: "ಹ್ವಾಯ್, ಕೇಂಡ್ರ್ಯಾ? ಹುಡ್ಗನ ಮಾವ ಒಪ್ಪಿರ್!"

ಮುಗಿಯಿತು ಕಥೆ. ಸಕ್ಕರೆಯ ತಟ್ಟೆ ಬಂತು. ಯಾರೋ ಮುಹೂರ್ತ ಕೇಳಲು ಭಟ್ರಿಗೆ ಫೋನ್ ಹಚ್ಚಿದರು. 'ನಾನು ಹೇಳಿದ್ದು ಸಿನಿಮಾದ ಬಗ್ಗೆ' ಎಂದರೆ ಕೇಳುವವರು ಯಾರು? ಭಾವ ಆಗಲೇ ಸಕ್ಕರೆ ಬಾಯಿಗೆ ಹಾಕಿಯಾಗಿತ್ತು. ಪ್ರಶಾಂತ ನನ್ನನ್ನು ನುಂಗುವಂತೆ ನೋಡಿದ. "ಮಾವ, ನಾನ್ ಎಂತದೂ ಹೇಳ್ಲೇ ಇಲ್ಯಲೆ!"

ನಿಜ, ಹುಡುಗನ ಬದುಕು. ಬಾಯಿ ಬಿಟ್ಟದ್ದು ನಾನು.

ಆಗ ರಕ್ಷಿತಾ ಒಳಗೆ ಬಂದಳು. "ಅಮ್ಮಮ್ಮ, ಅವ್ರ ಮಾವ ಒಪ್ಪಿರ್, ಸರಿ. ನಾನ್ ಒಪ್ಪಿದ್ನಾ ಅಂದ್ ಯಾರಾರೂ ಕೇಂಡ್ರ್ಯಾ?"

ಯಾರೂ ಕೇಳಿರಲಿಲ್ಲ. ಭಟ್ರ ಫೋನ್ ಕಟ್ ಆಯಿತು.

ಅವಳು ಪ್ರಶಾಂತನ ಕಡೆ ತಿರುಗಿದಳು. "ನೀವ್ ಆ ಸಿನಿಮಾ ಪೂರ್ತಿ ಕಂಡಿದ್ರ್ಯಾ?"

ಅವನು ನೆಲ ನೋಡಿದ. "ಅರ್ಧ ಗಂಟೆ ಕಂಡಿದೆ. ಮತ್ತೆ ರಿವ್ಯೂ ಕಂಡೆ."

"ಹಂಗಾರೆ ಮೊದ್ಲ್ ಪೂರ್ತಿ ಕಾಣಿ. ಕಂಡಾದ್ ಮೇಲೆ ನೀವೇ ಫೋನ್ ಮಾಡಿ. ಮಾವನ ಹತ್ರ ಮಾಡ್ಸುದ್ ಬ್ಯಾಡ."

ನನಗೆ ನಾಚಿಕೆಯಾಯಿತು. ತಪ್ಪು ಅವನೊಬ್ಬನದಲ್ಲ. ಒಂದು ಪ್ಲೇಟ್ ಗೋಳಿಬಜೆ ಮುಗಿಯುವುದರೊಳಗೆ ಒಂದು ಹೆಣ್ಣಿಗೆ ಸ್ಟಾರ್ ಕೊಟ್ಟು ಎದ್ದು ಬರಲು ಹೊರಟವರು ನಾವೆಲ್ಲ. ಅರ್ಧ ಗಂಟೆ ನೋಡಿ ಸಿನಿಮಾ ಕಸ ಎಂದವನಿಗೆ ನಾವು ಬುದ್ಧಿ ಹೇಳುವುದೆಲ್ಲಿಂದ?

ಕಾರು ಕುಂದಾಪುರದಲ್ಲಿ ನನ್ನ ಮನೆಯ ಮುಂದೆ ನಿಂತಿತು. ಇಳಿಯುವಾಗ ಅಕ್ಕ ಹೇಳಿದ್ದು ಇಷ್ಟೇ: "ನಿಂಗ್ ಬಾಯ್ ಮುಚ್ಕಂಡ್ ಕೂಕಂಬುಕೆ ಆತಿಲ್ಯಾ?"

ಬುಧವಾರ ಸಂಜೆ ಪ್ರಶಾಂತ ನಮ್ಮ ಮನೆಗೇ ಬಂದು ಟಿವಿ ಹಾಕಿದ. ಶುರುವಿಗೆ ಮುಖ ಗಂಟು. ಹೆಂಗಸು ಹೀರೋನ ಮಾತು ಕೇಳದಾಗೆಲ್ಲ ಗೊಣಗಿದ. ಮಾಡಿನ ದೃಶ್ಯ ಬಂದಾಗ ರಿಮೋಟ್ ಕೆಳಗಿಟ್ಟು ನೋಡಿದ. ಸಿನಿಮಾ ಮುಗಿದು ತೆರೆಯ ಮೇಲೆ ಹೆಸರುಗಳೆಲ್ಲ ಹೋದ ಮೇಲೆ "ಅಡ್ಡಿಲ್ಲ ಮಾವ" ಎಂದ. ಕುಂದಾಪುರದವರ ಬಾಯಲ್ಲಿ 'ಅಡ್ಡಿಲ್ಲ' ಎಂದರೆ ಅದು ಬೇರೆಯವರ ಐದು ಸ್ಟಾರ್.

ಫೋನ್ ಹಿಡಿದು ಅಂಗಳಕ್ಕೆ ಹೋದ. ಆ ತುದಿಗೆ ನಡೆದ, ಈ ತುದಿಗೆ ನಡೆದ. ನಾನು ಒಳಗೆ ಕುರ್ಚಿಯ ತುದಿಯಲ್ಲಿ ಕೂತಿದ್ದೆ. ಚಾ ಆರಿ ತಣ್ಣಗಾಯಿತು. ಕೊನೆಗೂ ಬಂದ, ನಗು ಅಡಗಿಸಿಕೊಂಡು.

"ಎಂತ ಹೇಳ್ತ್ ಹುಡ್ಗಿ?" ಎಂದೆ.

"ಅದ್ ನಿಮ್ಗೆಂತಕೆ ಮಾವ?"

ತಲೆತಲಾಂತರದ ಸೋದರಮಾವನ ಅಧಿಕಾರವನ್ನೇ ಕಿತ್ತುಕೊಂಡ ಸಿನಿಮಾವನ್ನು ಫ್ಲಾಪ್ ಎನ್ನಲು ನಿಮಗೆ ಬಾಯಾದರೂ ಹೇಗೆ ಬರುತ್ತದೆ?