ಗೋಡಂಬಿ ಇರೋದು ಅಣ್ಣಂದು

ಅತ್ತಿಗೆ ಮೊದಲ ಸಲ ಮಫಿನ್ ಮಾಡಿಕೊಟ್ಟಾಗ ನಾನು ಅದನ್ನು ಕಾಗದದ ಸಮೇತ ತಿಂದೆ. "ಓಟ್ಸು, ಗೋಧಿ, ಕ್ಯಾರೆಟ್ಟು, ಎಲ್ಲಾ ನಾರು. ಒಂಚೂರೂ ಬಿಡಬೇಡ" ಅಂದಿದ್ದರು. ಸುತ್ತಲಿದ್ದ ಕಾಗದದ ಬಟ್ಟಲೂ ನಾರಿನ ಲೆಕ್ಕಕ್ಕೇ ಸೇರಿದ್ದೆಂದುಕೊಂಡು ಬಸ್ಸಿನಲ್ಲಿ ನಿಂತೇ ಅಗಿದೆ. ಆರೋಗ್ಯ ಅಂದರೆ ಹೀಗೇ ಇರುತ್ತದೇನೋ ಅನ್ನಿಸಿತ್ತು.

ಅತ್ತಿಗೆಗೆ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡುವವರು ಬೆಳಕು ಹರಿಯುವ ಮೊದಲೇ ಬಾಗಿಲಲ್ಲಿ ನಿಂತಿರುವುದರಿಂದ, ನಾವು ಏಳುವಷ್ಟರಲ್ಲಿ ಅವರು ಮನೆ ಬಿಟ್ಟಿರುತ್ತಾರೆ. ಅಣ್ಣನೂ ನಾನೂ ಒಂದು ಕಾಲಿಗೆ ಶೂ ಹಾಕಿಕೊಂಡು ಇನ್ನೊಂದನ್ನು ಹುಡುಕುತ್ತ ಆಫೀಸಿಗೆ ಹೊರಡುವ ಜಾತಿ. ಅದಕ್ಕೇ ಪ್ರತಿ ಭಾನುವಾರ ವಾರಕ್ಕಾಗುವಷ್ಟು ಮಫಿನ್ ಮಾಡಿ ಫ್ರೀಜರಿಗೆ ಸೇರಿಸುತ್ತಿದ್ದರು.

ಕಳೆದ ವರ್ಷ ಅಣ್ಣನಿಗೆ ಸಕ್ಕರೆ ಕಾಯಿಲೆ ಬಂತು. ಅಮ್ಮನಿಗೆ ಹೇಳಲಿಲ್ಲ. ಹೇಳಿದರೆ ಮಗನಿಗಿಂತ ಮೊದಲು ಅವಳೇ ಹಾಸಿಗೆ ಹಿಡಿಯುತ್ತಾಳೆಂದು ಮೂವರೂ ಬಾಯಿ ಹೊಲಿದುಕೊಂಡೆವು. ಅತ್ತಿಗೆ ಎರಡು ಬಗೆ ಮಾಡತೊಡಗಿದರು: ಖರ್ಜೂರ, ಬಾಳೆಹಣ್ಣು ಹಾಕಿದ್ದೊಂದು, ಅವೇನೂ ಇಲ್ಲದ ಸಪ್ಪೆಯದೊಂದು. ನೋಡಲು ಎರಡೂ ಅವಳಿಜವಳಿ. ಗುರುತಿಗೆಂದು ಸಪ್ಪೆಯದರ ನೆತ್ತಿಗೊಂದು ಗೋಡಂಬಿ. "ಗೋಡಂಬಿ ಇರೋದು ಅಣ್ಣಂದು. ನೀನು ಬೋಳು ತಗೋ" ಎಂದು ನನಗೆ ಪಾಠವಾಯಿತು.

ತಿಂಗಳುಗಳು ಕಳೆದರೂ ಅಣ್ಣನ ಸಕ್ಕರೆ ಇಳಿಯಲಿಲ್ಲ, ಏರಿತು. ಮುಂದಿನ ಸಲವೂ ಹೀಗೇ ಇದ್ದರೆ ದಿನಾ ಇಂಜೆಕ್ಷನ್ ಅಂದರು ಡಾಕ್ಟರು. ಅಣ್ಣನಿಗೆ ಸೂಜಿ ಕಂಡರೆ ಕಣ್ಣು ಕತ್ತಲೆ. ಕಟ್ಟಿಕೊಂಡದ್ದು ಮಾತ್ರ ದಿನವಿಡೀ ಸೂಜಿ ಚುಚ್ಚುವವರನ್ನು.

"ಆಫೀಸಲ್ಲಿ ಏನು ತಿಂತಿದೀರಿ, ಹೇಳಿಬಿಡಿ."

"ನಿನ್ನ ಮಫಿನ್ ಬಿಟ್ರೆ ಏನೂ ಇಲ್ಲ ಕಣೇ."

"ರಕ್ತ ಸುಳ್ಳು ಹೇಳಲ್ಲ ರೀ."

"ಹಾಗಾದ್ರೆ ರಕ್ತಾನೇ ಕೇಳ್ಕೋ."

ಯಾರನ್ನು ನಂಬುವುದೋ ನನಗೆ ಬಗೆಹರಿಯಲಿಲ್ಲ. ನನ್ನ ತಲೆಬಿಸಿ ಬೇರೆ ಇತ್ತು. ನನ್ನ ಬೋಳು ಮಫಿನ್ ಒಂದು ದಿನ ಸಿಹಿ, ಇನ್ನೊಂದು ದಿನ ಮಣ್ಣು. ಮ್ಯಾನೇಜರ್ ಬೈದ ಮರುದಿನ ಸಪ್ಪೆಯಾಗುತ್ತದೆಂದು ಕಂಡುಹಿಡಿದು, ನಾಲಿಗೆಗೂ ನೌಕರಿಗೂ ನಂಟಿದೆಯೆಂದು ಪಕ್ಕದ ಮೇಜಿನವರಿಗೆ ವಿವರಿಸಿಯೂ ಇದ್ದೆ.

ಒಂದು ಭಾನುವಾರ ನೀರು ಕುಡಿಯಲು ಅಡುಗೆಮನೆಗೆ ಹೋದೆ. ಆರಿದ ಮಫಿನ್ನುಗಳನ್ನು ಡಬ್ಬಿಗೆ ತುಂಬುವುದು ಅಮ್ಮನ ಕೆಲಸ. ಅವಳು ಒಂದರ ಗೋಡಂಬಿ ಕಿತ್ತು, ಬುಡಕ್ಕೆ ಜೇನುತುಪ್ಪ ಸವರಿ, ಬೋಳಾಗಿದ್ದ ಇನ್ನೊಂದಕ್ಕೆ ಅಂಟಿಸುತ್ತಿದ್ದಳು.

"ಏನಮ್ಮ ಇದು?"

"ನಿಮ್ಮತ್ತಿಗೆಗೆ ಭೇದ ಜಾಸ್ತಿ ಕಣೋ. ಗಂಡನಿಗೆ ಗೋಡಂಬಿ, ನಿಂಗೆ ಬೋಳು. ಬಾಯಿಬಿಟ್ಟು ಹೇಳಿದ್ರೆ ಚೆನ್ನಾಗಿರಲ್ಲ ಅಂತ ನಾನೇ ಪ್ರತಿವಾರ ಅವನ ಪಾಲಿಂದ ಅರ್ಧ ತೆಗೆದು ನಿನ್ನದಕ್ಕೆ ಇಡ್ತಿದೀನಿ."

ಅವಳು ಗೋಡಂಬಿ ಇಟ್ಟ ಸಿಹಿಯದನ್ನೆಲ್ಲ ಅಣ್ಣ ತನ್ನದೆಂದು ತಿನ್ನುತ್ತಿದ್ದ. ಕಿತ್ತ ಸಪ್ಪೆಯದು ನನ್ನ ಪಾಲಿಗೆ ಬರುತ್ತಿತ್ತು. ಎಲ್ಲರನ್ನೂ ಕರೆದೆ. ಕಾಯಿಲೆಯ ಸುದ್ದಿ ಅಮ್ಮನಿಗೆ ಹೇಳಲೇಬೇಕಾಯಿತು. ಅವಳು ಹಾಸಿಗೆ ಹಿಡಿಯಲಿಲ್ಲ. "ಮೊದಲೇ ಹೇಳಿದ್ರೆ ನಾನ್ಯಾಕೆ ಅಂಟಿಸ್ತಿದ್ದೆ?" ಅಂದಳು.

"ಸಿಹಿ ಇದೆ ಅಂತ ನಿಮಗೆ ಗೊತ್ತಾಗ್ಲಿಲ್ವಾ?" ಅತ್ತಿಗೆ ಅಣ್ಣನನ್ನು ಕೇಳಿದರು.

"ಗೊತ್ತಾಯ್ತು. ಪಾಪ ಅಂತ ನೀನೇ ಹಾಕ್ತಿದೀಯ ಅಂದ್ಕೊಂಡೆ. ಕೇಳಿದ್ರೆ ನಿಲ್ಲಿಸ್ತೀಯಲ್ಲ."

ಅತ್ತಿಗೆ ಡಬ್ಬಿಯಲ್ಲಿದ್ದುದನ್ನೆಲ್ಲ ಮೇಜಿಗೆ ಸುರಿದು, ಒಂದೊಂದನ್ನೇ ಚಿವುಟಿ ರುಚಿ ನೋಡಿ ಬೇರೆ ಮಾಡತೊಡಗಿದರು. ನಾನು ಸುಮ್ಮನಿರಬಹುದಿತ್ತು.

"ಅತ್ತಿಗೆ, ಎಲ್ಲರಿಗೂ ಸಪ್ಪೆಯದೇ ಮಾಡಿದ್ರೆ ಈ ಫಜೀತಿನೇ ಇರ್ತಿರಲಿಲ್ಲ. ಎರಡು ಬಗೆ ಯಾಕೆ ಮಾಡಿದ್ರಿ?"

ಅವರು ಸಿಹಿಯದೊಂದನ್ನು ಬಾಯಿಗೆ ಹಾಕಿಕೊಂಡರು.

"ಭಾನುವಾರ ಬಿಸಿಬಿಸೀದು ನಾನೂ ತಿನ್ನಬೇಕಲ್ಲ. ಕಾಯಿಲೆ ನಿಮ್ಮಣ್ಣನಿಗೆ, ನನಗಲ್ಲ."