ತಂತಿಯ ಕೆಳಗಿನ ಸ್ಪಂಜು

ಮೊನ್ನೆ ಭಾನುವಾರ ನನ್ನ ಬೇಸ್ ಗಿಟಾರಿನ ತಂತಿ ಬದಲಾಯಿಸಲು ಕೂತೆ. ಹಳೆಯ ತಂತಿಗಳನ್ನು ಸಡಿಲಿಸಿ ಎತ್ತಿದರೆ ಅವುಗಳ ಕೆಳಗೆ, ಕೊನೆಯಲ್ಲಿ ಅವು ಬಂದು ಸೇರುವ ಬ್ರಿಡ್ಜಿನ ಪಕ್ಕದಲ್ಲಿ, ಪಾತ್ರೆ ತಿಕ್ಕುವ ಸ್ಪಂಜಿನ ಒಂದು ತುಂಡು ಕಂಡಿತು. ನಾನೇ ಎಷ್ಟೋ ವರ್ಷದ ಹಿಂದೆ ತುರುಕಿದ್ದು. ಬೆರಳು ತಾಗಿದ್ದೇ ತಡ, ಹಳದಿ ಪುಡಿಯಾಗಿ ಪಂಚೆಯ ಮೇಲೆ ಉದುರಿತು. ಕೊಡವಿಕೊಂಡು ಎದ್ದಿದ್ದರೆ ಮುಗಿದುಹೋಗುತ್ತಿತ್ತು. ಏಳಲಿಲ್ಲ.

ಬೇಸ್ ಗಿಟಾರ್ ಎಂದರೆ ಏನೆಂದು ನಿಮಗೆ ಗೊತ್ತಿಲ್ಲದಿದ್ದರೆ ನಾಚಿಕೊಳ್ಳಬೇಕಾದ್ದಿಲ್ಲ. ನಮ್ಮಪ್ಪನಿಗೂ ಗೊತ್ತಿರಲಿಲ್ಲ. ತೊಂಬತ್ತರ ದಶಕದ ನಡುವೆ ನಾನದನ್ನು ಮೊದಲ ಸಲ ವಿದ್ಯಾರಣ್ಯಪುರದ ಮನೆಗೆ ತಂದಾಗ, ಬೆಲ್ಲದ ಮಂಡಿಯಿಂದ ಆಗತಾನೇ ಬಂದಿದ್ದ ಅಪ್ಪ ಅದನ್ನು ಮೇಲಿಂದ ಕೆಳಗೆ ನೋಡಿದರು. "ನಾಲ್ಕೇ ತಂತಿ ಅವಲ್ಲೋ! ಗಿಟಾರಿಗೆ ಆರಲ್ವಾ? ಎರಡು ಕಮ್ಮಿ ಹಾಕಿ ಕೊಟ್ಬುಟ್ಟಿದ್ದಾನೆ ಕಣೋ, ಹೋಗಿ ಕೇಳು" ಎಂದರು. ಇದಕ್ಕೆ ನಾಲ್ಕೇ ಅಪ್ಪ, ಇದು ಕೆಳಗಿನ ಸ್ವರಕ್ಕೆ ಇರೋದು, ಹಾಡಿನ ಅಡಿಯಲ್ಲಿ ಗುಂ ಗುಂ ಅಂತ ಕೇಳುತ್ತಲ್ಲ ಅದು, ಎಂದೆ. ಅಪ್ಪ, "ನನಗೆ ಯಾವತ್ತೂ ಕೇಳಿಲ್ಲಪ್ಪ" ಎಂದು ಕಾಲು ತೊಳೆಯಲು ಹೋದರು. ಅಲ್ಲಿಂದಾಚೆ ಬಹಳ ಜನ ನನಗೆ ಇದೇ ಮಾತು ಹೇಳಿದ್ದಾರೆ.

ಕೊಂಡ ಕಥೆಯೂ ಹೇಳುವಂಥದ್ದೇ. ನನ್ನದೊಂದು ಆರ್ಕೆಸ್ಟ್ರಾ ಇತ್ತು. ನನ್ನದು ಎಂದರೆ ನಾನೂ ಅದರಲ್ಲಿದ್ದೆ ಎಂದರ್ಥ. ಗಣಪತಿ ಪೆಂಡಾಲು, ಮದುವೆಯ ಆರತಕ್ಷತೆ, ಹೀಗೆ ನಮ್ಮ ತಿರುಗಾಟ. ಕೀಬೋರ್ಡ್ ನುಡಿಸುತ್ತಿದ್ದ ನಂಜುಂಡಿ ಅದರ ಯಜಮಾನ. ಬೇಸ್ ನುಡಿಸುತ್ತಿದ್ದವನು ಬಿಟ್ಟುಹೋದದ್ದರಿಂದ ಆ ಜಾಗ ನನಗೆ ಬಂತು. ಅಂಗಡಿಯಲ್ಲಿ ಎರಡೇ ಬೇಸ್ ಗಿಟಾರು ತೂಗುತ್ತಿದ್ದವು. ಒಂದು ಹೊಚ್ಚಹೊಸದು, ಕುಂಕುಮದ ಬಣ್ಣ, ಕೊರಳಿಗೆ ಹಾಕಿಕೊಂಡರೆ ಹಾಕಿದ್ದೇ ತಿಳಿಯದಷ್ಟು ಹಗುರ. ಇನ್ನೊಂದು ಯಾರೋ ನುಡಿಸಿ ಬಿಟ್ಟದ್ದು, ಕಂದು ಬಣ್ಣ, ಮೈತುಂಬ ಗೀರು, ಒಳ್ಳೇ ಭಾರ. ಎರಡನ್ನೂ ಆಂಪ್ಲಿಫೈಯರಿಗೆ ಸಿಕ್ಕಿಸಿ ನೋಡೋಣವೆಂದರೆ ಆ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಯಿತು. ಅಂಗಡಿಯವರು ಬೀಸಣಿಗೆ ಬೀಸಿಕೊಳ್ಳುತ್ತಾ, "ಕಾಯ್ತೀರಾ, ನಾಳೆ ಬರ್ತೀರಾ?" ಎಂದರು. ನಾಳೆಯವರೆಗೆ ತಡೆಯುವ ಜಾಯಮಾನ ನನ್ನದಲ್ಲ. ಕರೆಂಟಿಲ್ಲದೆ ಇದರ ದನಿ ಹೊರಗೆ ಕೇಳುವುದಿಲ್ಲವಾದ್ದರಿಂದ, ಗಿಟಾರಿನ ಮೈಯ ಮೇಲ್ತುದಿಯ ಕೊಂಬಿಗೆ ಗಲ್ಲ ಒತ್ತಿಕೊಂಡು ದಪ್ಪ ತಂತಿಯನ್ನು ಮೀಟಿದೆ. ಕೆಂಪನೆಯದು ಏನೋ ಗೊಣಗಿತು. ಕಂದು ಬಣ್ಣದ್ದು ದವಡೆಯಿಂದ ಹೊರಟು ಎದೆಯೊಳಗೆ ಇಳಿದು ಅಲ್ಲೇ ಬಹಳ ಹೊತ್ತು ನಿಂತಿತು. ಅಂಗಡಿಯಲ್ಲಿ ಅದು ಕೇಳಿಸಿದ್ದು ನನಗೊಬ್ಬನಿಗೇ. ಅದನ್ನೇ ಕೊಂಡೆ.

ಆ ದನಿಯೇ ನನಗೆ ಬೇಕಾಗಿದ್ದದ್ದು, ಆದರೆ ಹೊರಗೆ, ಬೇರೆಯವರ ಕಿವಿಗೂ. ಕರೆಂಟಿಗೆ ಸಿಕ್ಕಿಸಿದರೆ ಬಂದದ್ದೇ ಬೇರೆ. ತಗಡಿನ ಮೇಲೆ ಸರಪಳಿ ಎಳೆದ ಹಾಗೆ ಕರಕರ. ಎರಡು ದಿನ ಕೇಳಿದ ಅಪ್ಪ, ಪೂಜೆ ಹೊತ್ತಿನಲ್ಲಿ ಇದು ಬೇಡ ಎಂದರು. ಅಣ್ಣನ ಮಕ್ಕಳು ಓದಿಕೊಳ್ಳುತ್ತಿದ್ದರು. ಯಾರೂ ಹೊರಡು ಎನ್ನಲಿಲ್ಲ. ನಾನೇ ಮುಖ ಊದಿಸಿಕೊಂಡು ಲಷ್ಕರ್ ಮೊಹಲ್ಲಾದಲ್ಲಿ ಒಂದು ಕೋಣೆ ಹಿಡಿದೆ. ಸಂಬಳ ಬರುವ ಒಂದು ಗುಮಾಸ್ತೆ ಕೆಲಸ ಇತ್ತಲ್ಲ, ಆ ಧೈರ್ಯ.

ಹಳೆಯ ಹೆಂಚಿನ ಮನೆ. ಕೆಳಗೆ ಮನೆಯ ಒಡತಿ ಸಿಸಿಲಿಯಮ್ಮ, ಮೇಲೆ ಹಲಗೆ ಹಾಸಿನ ಮಹಡಿಯಲ್ಲಿ ನಾನು. ಅವರ ಸೂರೇ ನನ್ನ ನೆಲ. ಗಂಡ ತೀರಿಕೊಂಡಿದ್ದರು. ಮಂಡಿನೋವು, ಹೊರಗಿನ ಮೆಟ್ಟಿಲು ಹತ್ತುತ್ತಿರಲಿಲ್ಲ. ಬೆಳಿಗ್ಗೆ ನಾನು ಹಣೆಗೆ ವಿಭೂತಿ ಧರಿಸಿ ಆಫೀಸಿಗೆ ಇಳಿಯುವಾಗ ಅವರು ಚರ್ಚಿನಿಂದ ಬರುತ್ತಿದ್ದರು. "ತಿಂಡಿ ಆಯ್ತೇನ್ರಪ್ಪ?" "ಆಯ್ತಮ್ಮ." ನಮ್ಮ ಮಾತು ಅಷ್ಟರಲ್ಲೇ ಮುಗಿಯುತ್ತಿತ್ತು. ಕ್ರಿಸ್‌ಮಸ್ಸಿಗೆ ತಟ್ಟೆಯಲ್ಲಿ ಸಿಪ್ಪೆ ಬಿಡಿಸದ ಬಾಳೆಹಣ್ಣು, ಕಿತ್ತಳೆ ಇಟ್ಟು ಕೊಟ್ಟರು. ಕೇಕು ಇರಲಿಲ್ಲ. ಕೇಕಿನ ಆಸೆಯಿದ್ದ ನನಗೆ, ಇವರು ಸ್ವಲ್ಪ ಬಿಗಿಮುಷ್ಟಿಯವರು ಅನ್ನಿಸಿತು.

ಸಂಜೆ ಆಫೀಸಿನಿಂದ ಬಂದು ಗಿಟಾರು ಎತ್ತಿಕೊಳ್ಳುತ್ತಿದ್ದೆ. ಮೊದಲ ವಾರವೇ ಅದು ಶುರುವಾಯಿತು. ನಾನು ನುಡಿಸುತ್ತಿದ್ದಂತೆ ಕೆಳಗಿನಿಂದ ಹಲಗೆಗೆ ಟಕ್ ಟಕ್ ಎಂದು ಕೋಲಿನ ಬಡಿತ. ಜೇಡರಬಲೆ ಹೊಡೆಯುವ ಕೋಲು ಅವರ ಬಾಗಿಲ ಸಂದಿಯಲ್ಲಿ ನಿಂತಿರುವುದನ್ನು ಕಂಡಿದ್ದೆ. ನನ್ನ ಕೈ ತಂತಿಯ ಮೇಲೆ ಹಾಗೇ ನಿಂತಿತು. ಪಾಪ, ವಯಸ್ಸಾದವರು, ಎಷ್ಟು ಹಿಂಸೆಯಾಗಿದ್ದರೆ ಬಡಿದಾರು ಎಂದುಕೊಂಡು ಗಿಟಾರನ್ನು ಮೂಲೆಗೆ ಒರಗಿಸಿದೆ. ದೀಪ ಕೂಡ ಹಾಕದೆ ಕಿಟಕಿಯ ಬಳಿ ಕೂತೆ. ನನ್ನ ಮನೆಗೇ ಬೇಡವಾದ ಸದ್ದು ಇವರಿಗೆ ಯಾಕೆ ಬೇಕು?

ಮರುದಿನ ಟೋನಿನ ಗುಂಡಿಯನ್ನು ಪೂರ್ತಿ ಕೆಳಕ್ಕೆ ತಿರುಗಿಸಿದೆ, ಕೀರಲು ಹೋಗಲೆಂದು. ಮತ್ತೆ ಟಕ್ ಟಕ್. ಬ್ರಿಡ್ಜಿನ ಬಳಿ ಮೀಟುತ್ತಿದ್ದ ಕೈಯನ್ನು ಗಿಟಾರಿನ ಕತ್ತಿನ ಕಡೆಗೆ ಸರಿಸಿದೆ. ಅಲ್ಲಿ ದನಿ ದುಂಡಗಾಗುತ್ತದೆ. ಟಕ್ ಟಕ್. ಉಗುರು ಬಿಟ್ಟು ಹೆಬ್ಬೆರಳಿನ ಮೆತ್ತೆಯಲ್ಲಿ ಮೀಟಿದೆ. ಆಂಪ್ಲಿಫೈಯರನ್ನು ನೆಲದಿಂದ ಎತ್ತಿ ಮಡಿಸಿದ ಜಮಖಾನದ ಮೇಲಿಟ್ಟೆ. ಹೊಸ ತಂತಿ ಹಾಕುವುದನ್ನೇ ಬಿಟ್ಟೆ, ಹಳತಾದಷ್ಟೂ ಅವು ಮಂದವಾಗುತ್ತವೆ. ಕಡೆಗೆ ಪಾತ್ರೆ ತೊಳೆಯುವ ಸ್ಪಂಜನ್ನು ಕತ್ತರಿಸಿ ತಂತಿಯ ಕೆಳಗೆ ತುರುಕಿದೆ. ಮೀಟಿದ ಸ್ವರ ಎದ್ದ ಕೂಡಲೇ ತಲೆ ತಗ್ಗಿಸಿ ಕೂರುತ್ತಿತ್ತು. ಹೀಗೆ ಒಂದು ಮಳೆಗಾಲವೆಲ್ಲ ಕಳೆಯಿತು. ಒಂದು ಸಂಜೆ ಬಡಿತ ಬರಲಿಲ್ಲ. ಮಾರನೆಯ ದಿನವೂ ಇಲ್ಲ. ಆಮೇಲೆ ಬರಲೇ ಇಲ್ಲ.

ನನಗಾದ ಹಿಗ್ಗನ್ನು ಏನು ಹೇಳಲಿ! ಯಾರಿಗೂ ನೋವಾಗದ ದನಿ ಸಿಕ್ಕಿಬಿಟ್ಟಿತ್ತು. ನಂಜುಂಡಿ ಕೂಡ ಒಂದು ದಿನ ಬೆನ್ನು ತಟ್ಟಿದ. "ಇದಪ್ಪಾ ಬೇಸು! ಇದ್ರೆ ಯಾರ್ಗೂ ಗೊತ್ತಾಗಲ್ಲ, ನಿಂತ್ರೆ ಮಾತ್ರ ಏನೋ ಇಲ್ಲ ಅನ್ಸುತ್ತೆ. ಇಂಗೇ ಇರ್ಲಿ ಬುಡು." ಹಾಗೇ ಇಟ್ಟುಕೊಂಡೆ. ಇನ್ನೊಬ್ಬ ಬೇಸಿನವನು ಬಂದು ಗುಟ್ಟೇನು ಎಂದು ಕೇಳಿದರೆ ಸ್ಪಂಜು ತೋರಿಸದೆ, ಎಲ್ಲ ಬೆರಳಿನಲ್ಲಿದೆ ಎಂದು ಬುರುಡೆ ಬಿಟ್ಟೆ. ವೇದಿಕೆಯಲ್ಲಿ ಡ್ರಮ್ಮಿನ ಹಿಂದೆ ನಿಂತು, ಯಾರಿಗೂ ಕಾಣದೆ, ಯಾರಿಗೂ ಕೇಳದೆ ಎಷ್ಟೋ ಮದುವೆಗಳನ್ನು ಮುಗಿಸಿದೆ. ಕೋಣೆಗೆ ಬಂದರೆ ಮಾತಿಗೊಬ್ಬರಿಲ್ಲ. ಗೆದ್ದೆ ಎಂದುಕೊಂಡ ಆ ಎರಡು ಮೂರು ವರ್ಷಗಳಲ್ಲಿ ಇದ್ದಷ್ಟು ಒಂಟಿಯಾಗಿ ನಾನು ಬದುಕಿನಲ್ಲಿ ಬೇರೆಂದೂ ಇರಲಿಲ್ಲ. ಆಗ ಹಾಗೆಂದು ಒಪ್ಪಿಕೊಳ್ಳುತ್ತಿರಲಿಲ್ಲ, ಅಷ್ಟೆ.

ತಂಗಿಯ ಸಂಸಾರಕ್ಕೆ ಮಹಡಿ ಬೇಕೆಂದು ಸಿಸಿಲಿಯಮ್ಮ ಸಂಕೋಚದಿಂದ ಕೇಳಿದಾಗ ನಾನು ಅಶೋಕಪುರಂನಲ್ಲಿ ಮನೆ ನೋಡಿಕೊಂಡೆ. ಸಾಮಾನು ಸಾಗಿಸಿ, ಬೀಗದ ಕೈ ಕೊಡಲು ಮೊದಲ ಸಲ ಅವರ ನಡುಮನೆಯೊಳಗೆ ಕಾಲಿಟ್ಟೆ. ಕಾಫಿಯ ಘಮ ಬರುತ್ತಿತ್ತು. ಅವರು ಸೆರಗಿನ ತುದಿ ಹಿಡಿದು, ಕೇಳಲೋ ಬೇಡವೋ ಎಂಬಂತೆ ಕೇಳಿದರು.

"ಇವತ್ತಾದ್ರೂ ಒಂದ್ಲೋಟ ಕಾಫಿ ಕುಡೀತೀರೇನ್ರಪ್ಪ? ಹೊಸ ಲೋಟ, ನಾವು ಬಳಸಿಲ್ಲ."

"ಯಾವ ಲೋಟವಾದರೂ ಸರಿಯಮ್ಮ. ಇವತ್ತಾದ್ರೂ ಅಂದ್ರೆ?"

"ದಿನಾ ಕರೀತಿದ್ನಲ್ಲ! ನಮ್ಮನೆಯವರು ಇದ್ದಾಗ ಮೇಲೇ ಕೂತು ಪೇಪರ್ ಓದೋರು. ಕಾಫಿ ಆದ್ರೆ ಕೋಲಲ್ಲಿ ಎರಡು ಸಲ ಬಡಿಯೋದು, ಇಳಿದು ಬರೋರು. ಅದೇ ಅಭ್ಯಾಸ ಕಣಪ್ಪ."

"ಗಿಟಾರಿನ ಸದ್ದಿಗೆ ಬಡೀತೀರಿ ಅಂದ್ಕೊಂಡಿದ್ದೆ" ಎಂದೆ.

"ಅಯ್ಯೋ, ಸದ್ದಿಗ್ಯಾಕೆ? ಬಡಿದ ತಕ್ಷಣ ನೀವು ಬಾರ್ಸೋದು ನಿಲ್ಲಿಸ್ತಿದ್ರಿ. ಕೇಳಿಸ್ತು, ಬರ್ತಾರೆ ಅಂತ ಲೋಟಕ್ಕೆ ಬಗ್ಗಿಸಿ ಇಡ್ತಿದ್ದೆ. ನೀವು ಬರ್ತಿರ್ಲಿಲ್ಲ. ವಿಭೂತಿ ಹಚ್ಚೋರು, ಮಠಕ್ಕೆ ನಡ್ಕೊಳ್ಳೋರು, ನಾವು ಮಾಂಸ ಬೇಯಿಸೋ ಮನೆಯವರು. ಬೇಡ ಅಂತ ಬಾಯಿಬಿಟ್ಟು ಹೇಳೋಕೆ ಸಂಕೋಚ ಅವರಿಗೆ ಅಂತ ನಾನೇ ಸುಮ್ಮನಾಗ್ಬುಟ್ಟೆ. ಕೇಕೂ ಕೊಡ್ಲಿಲ್ಲ, ಮೊಟ್ಟೆ ಇರುತ್ತಲ್ಲ."

ಎರಡು ಲೋಟ ಕಾಫಿ ಕುಡಿದೆ. ಕಣ್ಣು ಒದ್ದೆಯಾದದ್ದಕ್ಕೆ ಬಿಸಿಯ ನೆಪ ಸಿಕ್ಕಿತು. ಆದರೆ ನನ್ನನ್ನು ನಿಜವಾಗಿ ಇರಿದದ್ದು ಅವರು ಬಾಗಿಲವರೆಗೆ ಬಂದು ಹೇಳಿದ ಕೊನೆಯ ಮಾತು.

"ಮೊದಮೊದಲು ನೀವು ಬಾರ್ಸೋದು ಚೆನ್ನಾಗಿ ಕೇಳೋದು. ಸೂರೆಲ್ಲ ಗುಂಯ್ ಅನ್ನೋದು. ಮನೇಲಿ ಇನ್ನೊಬ್ರು ಇದ್ದಾರೆ ಅನ್ಸೋದು ಕಣಪ್ಪ. ಆಮೇಲಾಮೇಲೆ ಕೇಳಿಸದಂಗಾಯ್ತು. ಬಾರ್ಸೋದು ಬಿಟ್ಬುಟ್ರೇನೋ ಅಂದ್ಕೊಂಡೆ."

ಆಮೇಲೆ ಅವರ ಮನೆಗೆ ಆಗಾಗ ಹೋಗಿ ಕಾಫಿ ಕುಡಿದದ್ದುಂಟು, ಒಂದು ಡಿಸೆಂಬರಿನಲ್ಲಿ ಕೇಕನ್ನೂ ತಿಂದೆ. ಕೆಲವು ವರ್ಷ ಕಳೆದು ಅವರು ಇಲ್ಲವಾದರು. ಆದರೂ ಸ್ಪಂಜನ್ನು ಮಾತ್ರ ನಾನು ತೆಗೆದಿರಲಿಲ್ಲ. ಯಾಕೆ ಎಂದು ಕೇಳಬೇಡಿ. ಮೆತ್ತಗಿರುವುದು ಅಭ್ಯಾಸವಾಗಿತ್ತು, ಆರ್ಕೆಸ್ಟ್ರಾ ಮುಚ್ಚಿದ ಮೇಲೂ ಅದೇ ದನಿಯಲ್ಲಿ ಒಬ್ಬನೇ ನುಡಿಸುತ್ತಿದ್ದೆ.

ಮೊನ್ನೆ ಆ ಪುಡಿಯನ್ನೆಲ್ಲ ಗುಡಿಸಿ ಹಾಕಿದೆ. ಹೊಸ ತಂತಿ ಏರಿಸಿದೆ, ಸ್ಪಂಜು ಇಡಲಿಲ್ಲ, ಟೋನಿನ ಗುಂಡಿಯನ್ನು ಪೂರ್ತಿ ಮೇಲಕ್ಕೆ ತಿರುಗಿಸಿದೆ. ಅದೇ ಹಳೆಯ ಕರಕರ ಬಂತು. ಅದರ ಕೆಳಗೆ, ಕರೆಂಟಿಲ್ಲದ ಅಂಗಡಿಯಲ್ಲಿ ದವಡೆಗೆ ಸಿಕ್ಕಿದ್ದ ದನಿಯೂ ಇತ್ತು. ನಾನೀಗಿರುವ ಮಹಡಿ ಮನೆಯ ಕಾಂಕ್ರೀಟ್ ನೆಲ ಗುಂಯ್ ಎನ್ನುವುದಿಲ್ಲ. ನುಡಿಸಿ ನಿಲ್ಲಿಸಿ ಕಿವಿಗೊಟ್ಟೆ. ಎಲ್ಲಿಂದಲೂ ಯಾರೂ ಬಡಿಯಲಿಲ್ಲ. ಕೆಳಗಿನ ಮನೆಯ ಟಿವಿಯ ಗದ್ದಲವೊಂದೇ ಕೇಳುತ್ತಿತ್ತು. ಅಲ್ಲಿ ಈಚೆಗೆ ಯಾವ ಊರಿಂದಲೋ ವರ್ಗವಾಗಿ ಬಂದ ನಡುವಯಸ್ಸಿನವರೊಬ್ಬರು ಒಬ್ಬರೇ ಇದ್ದಾರೆ. ಟಿವಿ ಸದಾ ಜೋರು. ನಾನೂ ಎಷ್ಟೋ ಸಲ ಮನಸ್ಸಿನಲ್ಲೇ ಬೈದುಕೊಂಡಿದ್ದೇನೆ.

ಎದ್ದು ಡಿಕಾಕ್ಷನ್ ಹಾಕಿದೆ. ಕಾಫಿ ಬೆರೆಸಿದ ಮೇಲೆ ಮೆಟ್ಟಿಲಿಳಿದು ಅವರ ಬಾಗಿಲು ತಟ್ಟಿದೆ. ಬಾಗಿಲು ತೆರೆದವರು ನನ್ನನ್ನು ಕಂಡದ್ದೇ ಗಾಬರಿಯಿಂದ ಒಳಗೆ ಓಡಿದರು, ಟಿವಿ ತಟಕ್ಕನೆ ನಿಂತಿತು. "ಸಾರಿ ಸಾರ್, ಇನ್ಮೇಲೆ ಸೌಂಡ್ ಕಮ್ಮಿ ಇಡ್ತೀನಿ" ಎನ್ನುತ್ತಾ ಬಂದರು.

"ಬೇಡ ಕಣ್ರೀ, ಹಾಗೇ ಇರಲಿ" ಎಂದೆ. "ಕಾಫಿ ಆಗಿದೆ. ಮೇಲೆ ಬನ್ನಿ."